ಮೇಲಿನಿಂದಲೇ ಬರಬೇಕು

ಕಳೆದ ಆಷಾಢದಲ್ಲಿ ಪಹಣಿಗಾಗಿ ಸರ್ಕಾರಿ ಕಚೇರಿಯೊಂದರ ಸಾಲಿನಲ್ಲಿ ಎರಡು ಗಂಟೆ ನಿಂತು ಕೊನೆಗೂ ಕಿಟಕಿಯನ್ನು ಮುಟ್ಟಿದಾಗ, ಒಳಗಿದ್ದ ಗುಮಾಸ್ತರು ಕಂಪ್ಯೂಟರಿನ ಕಡೆ ನೋಡುವ ಗೋಜಿಗೂ ಹೋಗದೆ ತಲೆಯ ಮೇಲಿನ ಫ್ಯಾನಿನತ್ತ ಬೆರಳು ಮಾಡಿ, "ಸರ್ವರ್ ಇಲ್ಲ ಸಾರ್. ಈಗ ಎಲ್ಲಾ ಕ್ಲೌಡ್‌ಗೆ ಹೋಗಿದೆ, ಮೇಲಿನಿಂದಲೇ ಬರಬೇಕು" ಎಂದರು. ನನ್ನ ಹಿಂದಿದ್ದ ಯಜಮಾನರೊಬ್ಬರು ಜಗಲಿಯ ಅಂಚಿಗೆ ಹೋಗಿ ಆಕಾಶವನ್ನೊಮ್ಮೆ ನೋಡಿ, "ಇವತ್ತು ಬರೋ ಹಂಗೆ ಕಾಣಲ್ಲ ಬಿಡಿ" ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಮೋಡಗಳ ವಿಷಯದಲ್ಲಿ ಅವರ ಅನುಭವ ನನ್ನದಕ್ಕಿಂತ ದೊಡ್ಡದು. ನಾನು ಮಾತ್ರ ಅಕ್ಷರಸ್ಥನಾದ ತಪ್ಪಿಗೆ ಇನ್ನೂ ಒಂದು ಗಂಟೆ ಕಾದೆ.

ಕ್ಲೌಡ್ ಎಂದರೆ ನಮ್ಮ ಲೆಕ್ಕಪತ್ರ, ಚಿತ್ರ, ತಂತ್ರಾಂಶಗಳನ್ನು ಬೇರೆಯವರ ಕಟ್ಟಡದಲ್ಲಿರುವ ಬೇರೆಯವರ ಯಂತ್ರದಲ್ಲಿಟ್ಟು, ಬಳಸಿದಷ್ಟಕ್ಕೆ ಬಾಡಿಗೆ ಕೊಡುವ ಏರ್ಪಾಡು. ಆ ಕಟ್ಟಡಕ್ಕೆ ತಳಪಾಯವುಂಟು, ಕಾಂಪೌಂಡುಂಟು, ಕರೆಂಟು ಹೋದರೆ ಗುಡುಗುಡಿಸುವ ಡೀಸೆಲ್ ಜನರೇಟರುಗಳುಂಟು. ಯಂತ್ರಗಳನ್ನು ತಂಪಾಗಿಡಲು ಹಲವೆಡೆ ನೀರನ್ನೂ ಧಾರಾಳವಾಗಿ ಬಳಸುತ್ತಾರಾದ್ದರಿಂದ, ಮಳೆ ಸುರಿಸುವ ಬದಲು ನೆಲದ ನೀರನ್ನೇ ಕುಡಿಯುವ ಮೋಡವನ್ನು ಕಾಣುವ ಭಾಗ್ಯ ನಮ್ಮ ಕಾಲಕ್ಕೆ ಒದಗಿದೆ. ಹಿಂದೆ ಎಂಜಿನಿಯರುಗಳು ಜಾಲದ ನಕ್ಷೆ ಬರೆಯುವಾಗ, ಈ ತುದಿಯ ಯಂತ್ರಕ್ಕೂ ಆ ತುದಿಯ ಯಂತ್ರಕ್ಕೂ ನಡುವೆ ಏನೇನಿದೆ ಎಂದು ವಿವರಿಸುವ ಅಗತ್ಯವಿಲ್ಲದ ಕಡೆ ಒಂದು ಮೋಡ ಬರೆದು ಮುಂದೆ ಹೋಗುತ್ತಿದ್ದರು. "ಇದನ್ನು ಕೇಳಬೇಡಿ" ಎಂಬ ಅರ್ಥದ ಆ ಗುರುತೇ ಇಂದು ಇಡೀ ಉದ್ಯಮದ ಹೆಸರು. ಕಚೇರಿಯ ಕಿಟಕಿಯಲ್ಲೂ ಅದು ಅದೇ ಅರ್ಥದಲ್ಲಿ ಚಲಾವಣೆಯಲ್ಲಿದೆ.

ಮೂಲ ವಿಚಾರವೇನೋ ಘನವಾದದ್ದೇ. 1961ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಶತಮಾನೋತ್ಸವದಲ್ಲಿ ಮಾತನಾಡಿದ ಗಣಕ ವಿಜ್ಞಾನಿ ಜಾನ್ ಮೆಕಾರ್ಥಿ, ಗಣಕಶಕ್ತಿಯೂ ಮುಂದೊಂದು ದಿನ ದೂರವಾಣಿಯಂತೆ ಸಾರ್ವಜನಿಕ ಸೇವೆಯಾಗಬಹುದು ಎಂದಿದ್ದರು. ನಮಗಿದು ಕಷ್ಟದ ಮಾತಲ್ಲ: 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ತಲುಪಿದಾಗ ನಡೆದದ್ದೂ ಇದೇ ಬಗೆಯ ಬದಲಾವಣೆ. ಆದರೆ ಆ ಕಾಲದವರು ವಿದ್ಯುತ್ತು ಸ್ವರ್ಗದಿಂದ ಬರುತ್ತಿದೆ ಎನ್ನಲಿಲ್ಲ, ಜಲಪಾತ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. 1972ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂ ತನ್ನ ವಿಎಂ/370 ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ತಂದು, ಒಂದೇ ದೊಡ್ಡ ಯಂತ್ರವನ್ನು ಹಲವು ಯಂತ್ರಗಳೆಂದು ನಂಬಿಸುವ ವಿದ್ಯೆಯನ್ನು ವ್ಯಾಪಾರಕ್ಕಿಟ್ಟಿತು. ಹಳೆಯ ಬೆಂಗಳೂರಿನ ವಠಾರದ ಮಾಲೀಕರು ಒಂದು ಮನೆಯನ್ನು ಎಂಟು ಮನೆಯೆಂದು ಬಾಡಿಗೆಗೆ ಕೊಡುತ್ತಿದ್ದುದು ಇದೇ ತತ್ತ್ವದ ಮೇಲೆ, ಪೇಟೆಂಟಿನ ಯೋಚನೆ ಮಾತ್ರ ಅವರಿಗೆ ಹೊಳೆಯಲಿಲ್ಲ. 2006ರಲ್ಲಿ ಪುಸ್ತಕ ಮಾರುತ್ತ ಬೆಳೆದ ಅಮೆಜಾನ್, ಗಂಟೆಗೆ 10 ಸೆಂಟಿನಂತೆ ಕಂಪ್ಯೂಟರನ್ನೇ ಬಾಡಿಗೆಗೆ ಬಿಟ್ಟಿತು. ಅದೇ ವರ್ಷ ಗೂಗಲ್‌ನ ಅಂದಿನ ಮುಖ್ಯಸ್ಥ ಎರಿಕ್ ಶ್ಮಿಟ್ ಸಭೆಯೊಂದರಲ್ಲಿ ಕ್ಲೌಡ್ ಎಂಬ ಮಾತನ್ನು ಆಡಿದ್ದೇ ತಡ, ಎಲ್ಲರ ಅಂಗಡಿಯ ಮೇಲೂ ಮೋಡ ಕವಿಯಿತು. ಮೋಡವೆಂದರೇನು ಎಂದು ಅಮೆರಿಕದ ಮಾನಕ ಸಂಸ್ಥೆ 15 ಕರಡುಗಳನ್ನು ಬರೆದು ತಿದ್ದಿ ಅಂತಿಮ ವ್ಯಾಖ್ಯೆ ಪ್ರಕಟಿಸಿದ್ದು 2011ರಲ್ಲಿ. ಅಷ್ಟರಲ್ಲಿ ಸರಕು ಭರದಿಂದ ಬಿಕರಿಯಾಗುತ್ತಿತ್ತು.

ಭಾರತ ಸರ್ಕಾರ 2014ರಲ್ಲಿ ಉದ್ಘಾಟಿಸಿದ ತನ್ನ ಕ್ಲೌಡಿಗೆ 'ಮೇಘರಾಜ್' ಎಂದು ನಾಮಕರಣ ಮಾಡಿತು. ಈ ಹೆಸರಿನ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು, ಏಕೆಂದರೆ ಮಳೆರಾಯನನ್ನು ನಾವು ಪ್ರಾರ್ಥಿಸುತ್ತೇವೆಯೇ ಹೊರತು ಅವನ ಮೇಲೆ ದೂರು ದಾಖಲಿಸುವುದಿಲ್ಲ.

ಮೋಡವು ಭೂಮಿಯ ಮೇಲಿದೆ ಎಂಬುದನ್ನು ಪ್ರಕೃತಿ ಆಗಾಗ ನೆನಪಿಸುತ್ತದೆ. 2012ರ ಜೂನ್‌ನಲ್ಲಿ ವರ್ಜೀನಿಯಾದಲ್ಲಿ ಬೀಸಿದ ಬಿರುಗಾಳಿಗೆ ಅಮೆಜಾನ್‌ನ ಕೇಂದ್ರವೊಂದರ ವಿದ್ಯುತ್ತು ಹೋಗಿ ನೆಟ್‌ಫ್ಲಿಕ್ಸ್, ಇನ್‌ಸ್ಟಾಗ್ರಾಂಗಳು ನಿಂತವು. ನಿಜವಾದ ಮೋಡ ಬಂದು ಹೆಸರಿನ ಮೋಡವನ್ನು ಓಡಿಸಿತು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ನೌಕರರೊಬ್ಬರು ಆದೇಶವೊಂದನ್ನು ತಪ್ಪಾಗಿ ಟೈಪಿಸಿದ್ದಕ್ಕೆ ಅಂತರಜಾಲದ ದೊಡ್ಡ ಭಾಗವೇ ತತ್ತರಿಸಿತು. ಸೇವೆ ಕೆಟ್ಟಿದೆ ಎಂದು ಸಾರಬೇಕಾದ ಫಲಕವು ಕೆಟ್ಟುಹೋದ ಸೇವೆಯನ್ನೇ ನಂಬಿಕೊಂಡಿದ್ದರಿಂದ, ಅಂದು ಬಹಳ ಹೊತ್ತು ಎಲ್ಲವೂ ಕ್ಷೇಮವೆಂದೇ ತೋರಿಸುತ್ತಿತ್ತು.

ಆದರೆ ಈ ವಿದ್ಯೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ದಕ್ಷಿಣ ಕೊರಿಯಾಕ್ಕೇ ಹೋಗಬೇಕು. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಖಾಸಗಿ ದತ್ತಾಂಶ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು ಅಲ್ಲಿಯ ಜನಪ್ರಿಯ ಸಂದೇಶ ಆ್ಯಪ್ ಕಕಾವೋಟಾಕ್ ನಿಂತಾಗ, ಬದಲಿ ವ್ಯವಸ್ಥೆ ಇಡಲಿಲ್ಲವೇಕೆಂದು ಸರ್ಕಾರ ಆ ಕಂಪನಿಯನ್ನು ಗದರಿತ್ತು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ, ಬೆಂಕಿಯ ಅಪಾಯ ತಪ್ಪಲಿ ಎಂದು ಲಿಥಿಯಂ ಬ್ಯಾಟರಿಗಳನ್ನು ಸರ್ವರುಗಳ ಬಳಿಯಿಂದ ಸ್ಥಳಾಂತರಿಸುತ್ತಿರುವಾಗಲೇ ಅವುಗಳಿಗೆ ಬೆಂಕಿ ಹತ್ತಿಕೊಂಡಿತು. ಸರ್ಕಾರಿ ನೌಕರರ ಕಡತಗಳಿಗೆಂದೇ ಕಟ್ಟಿದ್ದ, ಕೆಲವು ಇಲಾಖೆಗಳು ಕಡ್ಡಾಯವನ್ನೂ ಮಾಡಿದ್ದ 'ಜಿ-ಡ್ರೈವ್' ಎಂಬ ಕ್ಲೌಡು 858 ಟೆರಾಬೈಟ್ ದಾಖಲೆಗಳ ಸಮೇತ ಭಸ್ಮವಾಯಿತು. ಹೊರಗೆಲ್ಲೂ ಅದರ ಪ್ರತಿ ಇರಲಿಲ್ಲ. ಗಾತ್ರ ತುಂಬ ದೊಡ್ಡದಾದ್ದರಿಂದ ಪ್ರತಿ ತೆಗೆಯಲಾಗಿರಲಿಲ್ಲ ಎಂಬ ವಿವರಣೆ ಬಂತು. ಗುಡಿಸಲಿಗಾದರೆ ಬೀಗ ಹಾಕಬಹುದು, ಅರಮನೆಗೆ ಒಪ್ಪುವಷ್ಟು ದೊಡ್ಡ ಬೀಗವನ್ನು ಎಲ್ಲಿಂದ ತರೋಣ ಎಂಬ ಧಾಟಿ ಇದು. ಇ-ಮೇಲು, ಮೇಜಿನ ಕಂಪ್ಯೂಟರುಗಳಲ್ಲಿ ಉಳಿದಿದ್ದ ಚೂರುಪಾರು, ಮುದ್ರಿತ ಕಾಗದ, ಇವುಗಳನ್ನು ಹುಡುಕಿ ಜೋಡಿಸುವ ಕೆಲಸ ನೌಕರರ ಪಾಲಿಗೆ ಬಂತು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಗುಮಾಸ್ತರೇ ವಿವೇಕಿಗಳು. ಮೂರನೆಯ ಸಲ ನಾನು ಹೋದಾಗಲೂ ಅವರ ಬೆರಳು ಫ್ಯಾನಿನತ್ತಲೇ ಹೋಯಿತು. ಆಮೇಲೆ ಎದ್ದು, ಸೊಂಟದ ಬೀಗದ ಕೈಯಿಂದ ಕಬ್ಬಿಣದ ಬೀರು ತೆಗೆದು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ದಪ್ಪ ರಿಜಿಸ್ಟರೊಂದನ್ನು ಹೊರತಂದರು. ರಟ್ಟಿನ ಮೇಲೆ ದುಂಡಗಿನ ಅಕ್ಷರಗಳಲ್ಲಿ 'ಸರ್ವರ್ ಇಲ್ಲದ ದಿನಗಳ ವಹಿ' ಎಂದಿತ್ತು. ದಿನಾಂಕ, ವೇಳೆ, ಬಂದವರ ಹೆಸರು, ರುಜು, ಒಂದು ಸಾಲೂ ತಪ್ಪಿರಲಿಲ್ಲ. ಇದನ್ನೂ ಕಂಪ್ಯೂಟರಿಗೆ ಏರಿಸಬಹುದಲ್ಲವೇ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಬೇಡ ಸಾರ್, ಇದೊಂದಾದರೂ ಉಳೀಲಿ" ಎಂದು ಪೆನ್ನು ಮುಂದೆ ಚಾಚಿದರು. ನನ್ನ ಕ್ರಮಸಂಖ್ಯೆ 43.