ಸೊನ್ನೆ ಟ್ರಾನ್ಸ್ ಫ್ಯಾಟ್ ಅಂದರೆ ತಿನ್ನಬಹುದಾ?

ಅಪ್ಪನಿಗೆ ಸ್ಟೆಂಟ್ ಹಾಕಿದ ಮೇಲೆ ನಮ್ಮನೆಯಲ್ಲಿ ಬಿಸ್ಕೆಟ್ ಪ್ಯಾಕೆಟ್ಟನ್ನು ಮೊದಲು ತಿರುಗಿಸಿ ಓದುತ್ತೇವೆ, ಆಮೇಲೆ ಬಿಚ್ಚುತ್ತೇವೆ. ಮೊನ್ನೆ ಅಮ್ಮ ಒಂದು ಪ್ಯಾಕೆಟ್ ಹಿಡಿದುಕೊಂಡು ಬಂದರು. "ನೋಡೋ, ಟ್ರಾನ್ಸ್ ಫ್ಯಾಟ್ ಸೊನ್ನೆ ಅಂತ ಹಾಕಿದಾರೆ. ಅಪ್ಪನಿಗೆ ಕೊಡಬಹುದು ಅಲ್ವಾ?"

ಸೊನ್ನೆ ಸುಳ್ಳಲ್ಲ. ಆದರೆ ಅದರ ಮೇಲಿನ ಸಾಲಲ್ಲಿ ಸ್ಯಾಚುರೇಟೆಡ್ ಫ್ಯಾಟ್ 100 ಗ್ರಾಂಗೆ 10 ಗ್ರಾಂ ಅಂತಿತ್ತು. ಇದೂ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಕೊಬ್ಬೇ. ಪದಾರ್ಥಗಳ ಪಟ್ಟಿಯಲ್ಲಿ ಮೈದಾ, ಸಕ್ಕರೆ ಆದ ಕೂಡಲೇ ತಾಳೆ ಎಣ್ಣೆ. ಈ ಪಟ್ಟಿಯನ್ನು ತೂಕದ ಪ್ರಕಾರ ಬರೆಯುತ್ತಾರೆ, ಜಾಸ್ತಿ ಇರುವುದು ಮೊದಲು. ತಾಳೆ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಸ್ಯಾಚುರೇಟೆಡ್ ಕೊಬ್ಬೇ.

ನಮ್ಮ ಕಾಲದ ಡಾಲ್ಡಾ ನೆನಪಿದೆಯಾ? ಎಣ್ಣೆಗೆ ನಿಕಲ್ ಸೇರಿಸಿ, ಕಾಯಿಸಿ, ಹೈಡ್ರೋಜನ್ ಹಾಯಿಸಿದರೆ ಅದು ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಅಷ್ಟು ಬೇಗ ಕಮಟು ವಾಸನೆ ಬರುವುದಿಲ್ಲ, ಬೆಲೆಯೂ ಕಮ್ಮಿ, ಪಫ್ಸ್ ಪದರ ಪದರವಾಗಿ ಏಳುತ್ತದೆ. ಈ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದಾಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. ಇದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ. ಪೂರ್ತಿ ಹೈಡ್ರೋಜನೇಟ್ ಮಾಡಿದ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಇಲ್ಲವೆನ್ನುವಷ್ಟು ಕಮ್ಮಿ, ಆದರೆ ಅದು ಬಹುಪಾಲು ಸ್ಯಾಚುರೇಟೆಡ್. ಹಾಗಾಗಿ "ಹೈಡ್ರೋಜನೇಟೆಡ್" ಅನ್ನುವ ಪದ ಒಂದನ್ನೇ ಓದಿ ಏನೂ ತೀರ್ಮಾನಿಸಲಾಗದು. (ಹಾಲು, ತುಪ್ಪದಲ್ಲೂ ಟ್ರಾನ್ಸ್ ಫ್ಯಾಟ್ ಸಹಜವಾಗಿ ಸ್ವಲ್ಪ ಇರುತ್ತದೆ. ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.)

ಸರ್ಕಾರ ಬಿಗಿ ಮಾಡಿದ್ದು ನಿಜ. 2021ರಲ್ಲಿ ಟ್ರಾನ್ಸ್ ಫ್ಯಾಟ್ ಮಿತಿ ಶೇ 3ಕ್ಕೆ ಇಳಿಯಿತು, 2022ರ ಜನವರಿಯಿಂದ ಶೇ 2. ಇದು ಒಟ್ಟು ತಿಂಡಿಯ ಲೆಕ್ಕವಲ್ಲ, ಅದರಲ್ಲಿರುವ ಕೊಬ್ಬಿನ ಲೆಕ್ಕ. 20 ಗ್ರಾಂ ಕೊಬ್ಬಿರುವ ಬಿಸ್ಕೆಟ್‌ನಲ್ಲಿ 0.4 ಗ್ರಾಂ ದಾಟಬಾರದು. 100 ಗ್ರಾಂನಲ್ಲಿ 0.2ಕ್ಕಿಂತ ಕಮ್ಮಿ ಇದ್ದರೆ "ಟ್ರಾನ್ಸ್ ಫ್ಯಾಟ್ ಫ್ರೀ" ಅಂತ ಮುಂದೆಯೇ ದೊಡ್ಡದಾಗಿ ಹಾಕಿಕೊಳ್ಳಬಹುದು. ನನಗೆ ಸಿಟ್ಟು ಬರುವುದು ಇಲ್ಲೇ. ಕಾನೂನು ಹೇಗೂ ಕಮ್ಮಿ ಮಾಡಿಸಿದ್ದನ್ನು ತಮ್ಮ ದೊಡ್ಡತನ ಅಂತ ಮಾರುತ್ತಾರೆ. ಸ್ಯಾಚುರೇಟೆಡ್ ಕೊಬ್ಬು ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಇನ್ನು ಬೇಕರಿಯ ಬಿಡಿ ಪಫ್ಸ್, ಖಾರಾ ಬಿಸ್ಕೆಟ್‌ಗೆ ಲೇಬಲ್ಲೇ ಇಲ್ಲ. ಆದರೆ ಅದಕ್ಕೆ ಹಾಕುವ ಕೊಬ್ಬು ಬರುವ ಡಬ್ಬಿಗೆ ಇರುತ್ತದೆ! ನಮ್ಮ ಬೀದಿಯ ಬೇಕರಿಯಲ್ಲಿ ಕೇಳಿಯೇಬಿಟ್ಟೆ. ಆತ ಒಂದು ಗಳಿಗೆ ನನ್ನ ಮುಖ ನೋಡಿ, "ಯಾಕೆ ಸಾರ್, ಆಫೀಸಿಂದ ಬಂದಿದೀರಾ?" ಅಂದ. ಅಪ್ಪನ ವಿಷಯ ಹೇಳಿದ ಮೇಲೆ ಒಳಗಿಂದ ಖಾಲಿ ಡಬ್ಬಿ ತಂದು ತೋರಿಸಿದ. ಅಲ್ಲೂ ತಾಳೆ ಎಣ್ಣೆಯೇ.

ಅಮ್ಮ ತಂದ ಪ್ಯಾಕೆಟ್‌ನಲ್ಲಿ ಅಪ್ಪನಿಗೆ ಒಂದು ಬಿಸ್ಕೆಟ್ ಸಿಕ್ಕಿತು. ಉಳಿದದ್ದನ್ನು ಇಷ್ಟೆಲ್ಲ ಭಾಷಣ ಮಾಡಿದ ನಾನೇ ಟೀ ಜೊತೆ ಮುಗಿಸಿದೆ.