ಜಿಹಾದಿನ ಅಧ್ಯಾಯವನ್ನು ನಾವೇ ಪೂರ್ತಿ ಓದಿಸಬೇಕು

ನಿನ್ನೆ ರಾತ್ರಿ ಟಿವಿಯಲ್ಲಿ ಜಿಹಾದ್ ಬಗ್ಗೆ ಒಂದು ಚರ್ಚೆ ನೋಡಿದೆ. ಚಾನೆಲ್ ಯಾವುದು ಅನ್ನೋದು ಬೇಡ. ಆ್ಯಂಕರ್ ಒಂದು ಹಾಳೆ ಹಿಡಿದು ಕುರ್‌ಆನಿನ 9ನೇ ಅಧ್ಯಾಯದ 5ನೇ ಸೂಕ್ತದ ಅರ್ಧ ಓದಿದರು. ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿ ಅನ್ನುವ ಭಾಗ. ಓದಿ, ಇದಕ್ಕೇನು ಹೇಳ್ತೀರಿ ಅಂದರು. ನಮ್ಮ ಮುಸ್ಲಿಮರ ಕಡೆಯಿಂದ ಕೂತಿದ್ದವರು ಹೇಳಿದ್ದಿಷ್ಟು: "ಜಿಹಾದ್ ಅಂದರೆ ಮನಸ್ಸಿನ ಕೆಟ್ಟ ಆಸೆಗಳ ವಿರುದ್ಧದ ಹೋರಾಟ. ಯುದ್ಧಕ್ಕೂ ಅದಕ್ಕೂ ಸಂಬಂಧವೇ ಇಲ್ಲ." ಅಷ್ಟರಲ್ಲಿ ಬ್ರೇಕ್ ಬಂತು.

ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಪಿಯುಸಿ ಹುಡುಗ. "ಮಾಮ, ಹಾಗಾದರೆ ಅವರು ಓದಿದ್ದು ಕುರ್‌ಆನಿನಲ್ಲಿ ಇಲ್ವಾ?" ಅಂತ ಕೇಳಿದ.

ಇದೆ ಮಗಾ. ಇದೆ. ಅದರ ಹಿಂದೆ ಮುಂದೆ ಇರುವುದೂ ಇದೆ. ಅದನ್ನು ಹೇಳಬೇಕಾದವರು ಹೇಳದೆ ಎದ್ದು ಬಂದರು. ಆ್ಯಂಕರ್ ಮೇಲೆ ನನಗೆ ಬಂದ ಸಿಟ್ಟು ಸಣ್ಣದು. ನಮ್ಮವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆ ಸೂಕ್ತದ ಸುತ್ತ ಏನಿದೆ ನೋಡಿ. ಪ್ರವಾದಿಯವರಿಗೂ ಮಕ್ಕಾದ ಕುರೈಶ್ ಬುಡಕಟ್ಟಿಗೂ ಹುದೈಬಿಯಾ ಅನ್ನುವ ಶಾಂತಿ ಒಪ್ಪಂದ ಆಗಿದ್ದು 628ರಲ್ಲಿ. ಮಕ್ಕಾದ ಕುರೈಶರ ಮಿತ್ರ ಬುಡಕಟ್ಟು ಪ್ರವಾದಿಯವರ ಮಿತ್ರ ಬುಡಕಟ್ಟಿನ ಮೇಲೆ ದಾಳಿ ಮಾಡಿತು, ಕುರೈಶರು ಅದಕ್ಕೆ ನೆರವಾದರು, ಒಪ್ಪಂದ ಮುರಿದುಬಿತ್ತು. 9ನೇ ಅಧ್ಯಾಯದ ಮೊದಲ ಸೂಕ್ತಗಳು ಹೀಗೆ ಮಾತು ಮುರಿದವರ ಬಗ್ಗೆ. 4ನೇ ಸೂಕ್ತದಲ್ಲೇ ಹೇಳಿದೆ, ನಿಮ್ಮ ಜೊತೆ ಒಪ್ಪಂದ ಉಳಿಸಿಕೊಂಡವರನ್ನು ಮುಟ್ಟಬೇಡಿ, ಅವಧಿ ಮುಗಿಯುವ ತನಕ ನಿಮ್ಮ ಮಾತು ನಡೆಸಿ ಅಂತ. 13ನೇ ಸೂಕ್ತದಲ್ಲಿ ಕಾರಣ ಇದೆ: ಪ್ರತಿಜ್ಞೆ ಮುರಿದವರು, ಪ್ರವಾದಿಯನ್ನು ಊರು ಬಿಡಿಸಲು ಹೊರಟವರು, ಮೊದಲು ಕೈ ಎತ್ತಿದವರು. ಇನ್ನು 6ನೇ ಸೂಕ್ತ. 5ರ ಪಕ್ಕದ್ದೇ. ಆ ಬಹುದೇವಾರಾಧಕರಲ್ಲೇ ಯಾರಾದರೂ ನಿಮ್ಮ ಆಶ್ರಯ ಕೇಳಿದರೆ ಕೊಡಿ, ದೇವರ ಮಾತು ಕೇಳಿಸಿಕೊಳ್ಳಲಿ, ಆಮೇಲೆ ಅವರನ್ನು ಅವರಿಗೆ ಸುರಕ್ಷಿತವಾದ ಜಾಗಕ್ಕೆ ತಲುಪಿಸಿ. ಮುಸ್ಲಿಂ ಆಗಲೇಬೇಕು ಅಂತ ಆ ಸೂಕ್ತದಲ್ಲಿಲ್ಲ. ತಲುಪಿಸುವುದು ನಿಮ್ಮ ಕೆಲಸ ಅಂತಿದೆ. ಇದನ್ನು ಓದಿ ಹೇಳೋಕೆ ಎಷ್ಟು ಹೊತ್ತು ಬೇಕು? ಒಂದು ನಿಮಿಷ ಸಾಕಿತ್ತು.

ಆ ಒಂದು ನಿಮಿಷವನ್ನು ನಮ್ಮವರು ಯಾವಾಗಲೂ "ಮನಸ್ಸಿನ ಜಿಹಾದ್"ಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಮನಸ್ಸಿನ ಜಿಹಾದ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ತನ್ನ ಮನಸ್ಸಿನ ಜೊತೆ ಹೋರಾಡುವವನೇ ಮುಜಾಹಿದ್, ಅಂದರೆ ಜಿಹಾದ್ ಮಾಡುವವನು, ಅನ್ನುವ ಹದೀಸ್ (ಪ್ರವಾದಿಯವರ ಮಾತಿನ ವರದಿ) ತಿರ್ಮಿದಿಯ ಸಂಗ್ರಹದಲ್ಲಿದೆ. ಮಕ್ಕಾದಲ್ಲಿ ಕತ್ತಿ ಎತ್ತುವ ಅನುಮತಿಯೇ ಇಲ್ಲದಿದ್ದ ಕಾಲದಲ್ಲಿ ಕುರ್‌ಆನನ್ನೇ ಹಿಡಿದು ದೊಡ್ಡ ಜಿಹಾದ್ ಮಾಡಿ ಅಂತ 25ನೇ ಅಧ್ಯಾಯ ಹೇಳಿದೆ. ದಬ್ಬಾಳಿಕೆಯ ರಾಜನ ಎದುರು ಸತ್ಯ ಹೇಳುವುದನ್ನು ಪ್ರವಾದಿಯವರು ಅತ್ಯುತ್ತಮ ಜಿಹಾದ್ ಅಂದಿದ್ದಾರೆ. ಎಲ್ಲ ಸರಿ. ಆದರೆ ಭಾಷಣಗಳಲ್ಲಿ ಜಾಸ್ತಿ ಕೇಳುವ "ಸಣ್ಣ ಜಿಹಾದಿನಿಂದ ದೊಡ್ಡ ಜಿಹಾದಿಗೆ ಮರಳಿದೆವು" ಅನ್ನುವ ಮಾತನ್ನು ಹದೀಸ್ ವಿದ್ವಾಂಸರು ದುರ್ಬಲ ಅಂತ ಬದಿಗಿಟ್ಟಿದ್ದಾರೆ. ಅದೊಂದನ್ನೇ ಹಿಡಿದು ನಿಂತರೆ ಎದುರಿಗಿದ್ದವನು ಎರಡು ನಿಮಿಷದಲ್ಲಿ ಅದನ್ನು ಕೆಡವುತ್ತಾನೆ. ಆಮೇಲೆ ನಾವು ಹೇಳಿದ್ದೆಲ್ಲ ಸುಳ್ಳು ಅಂತಾಗುತ್ತದೆ.

ಯುದ್ಧದ ಜಿಹಾದ್ ಇದೆ. ನಮ್ಮ ಧರ್ಮಶಾಸ್ತ್ರದ ಕಿತಾಬುಗಳಲ್ಲಿ ಅದಕ್ಕೆ ಒಂದು ಪೂರ್ತಿ ಅಧ್ಯಾಯ ಇದೆ. ಆ ಅಧ್ಯಾಯದ ತುಂಬ ಷರತ್ತುಗಳಿವೆ. ವುಜೂ (ಕೈಕಾಲು ಮುಖ ತೊಳೆದು ಮಾಡುವ ಶುದ್ಧಿ) ಇಲ್ಲದ ನಮಾಜ್ ಹೇಗೆ ನಮಾಜ್ ಅಲ್ಲವೋ ಹಾಗೆ ಷರತ್ತು ಬಿಟ್ಟ ಜಿಹಾದ್ ಜಿಹಾದ್ ಅಲ್ಲ. ವುಜೂವಿನ ಷರತ್ತುಗಳನ್ನು ಆರು ವರ್ಷದ ಮಗುವಿಗೂ ಬಾಯಿಪಾಠ ಮಾಡಿಸುತ್ತೇವೆ. ಇವನ್ನು ಮಾತ್ರ ಮುಚ್ಚಿಡುತ್ತೇವೆ. ಯಾಕೆ?

ನಾನು ದರ್ಸಿನಲ್ಲಿ, ಅಂದರೆ ಮಸೀದಿಯ ಧಾರ್ಮಿಕ ಪಾಠದಲ್ಲಿ, ಕೂತು ಕಿತಾಬು ಓದಿದವನು ಅಂತ ಹಳೆಯ ಗೆಳೆಯರಿಗೆ ಗೊತ್ತು. ಆಮೇಲೆ ಬಿಕಾಂ, ಅಂಗಡಿ, ಲೆಕ್ಕಪತ್ರ ಅಂತ ಬೇರೆ ದಾರಿ ಹಿಡಿದೆ. ಆದರೆ ಫತ್‌ಹುಲ್ ಮುಈನ್ ಮರೆತಿಲ್ಲ. ನಮ್ಮ ಕರಾವಳಿಯ ಶಾಫಿ ಪಂಥದ ದರ್ಸುಗಳಲ್ಲಿ ಇವತ್ತಿಗೂ ಓದಿಸುವ ಧರ್ಮಶಾಸ್ತ್ರದ ಕಿತಾಬು ಅದು. ಬರೆದವರು 16ನೇ ಶತಮಾನದಲ್ಲಿ ಕೇರಳದ ಪೊನ್ನಾನಿಯಲ್ಲಿದ್ದ ಝೈನುದ್ದೀನ್ ಮಖ್ದೂಮ್. ಅದರಲ್ಲಿ ಜಿಹಾದಿನ ಅಧ್ಯಾಯ ಇದೆ. ಅದನ್ನು ತೆರೆದರೆ ಏನು ಸಿಗುತ್ತದೆ ಗೊತ್ತಾ? ಸಮುದಾಯದ ಮೇಲಿನ ಸಾಮೂಹಿಕ ಹೊಣೆಗಳೆಲ್ಲ ಅದೇ ಅಧ್ಯಾಯದಲ್ಲಿ ಸಾಲಾಗಿ ಬರುತ್ತವೆ. ಹಸಿದವನಿಗೆ ಊಟ, ಬಟ್ಟೆ ಇಲ್ಲದವನಿಗೆ ಬಟ್ಟೆ. ಯಾರಿಗೆ? ಮುಸ್ಲಿಮನಿಗೆ, ನಮ್ಮ ರಕ್ಷಣೆಯಲ್ಲಿರುವ ಮುಸ್ಲಿಮೇತರನಿಗೆ, ಅಭಯ ಪಡೆದು ಬಂದ ಪರದೇಶಿಗೆ. ಮೂವರನ್ನೂ ಹೆಸರು ಹಿಡಿದು ಹೇಳಿದ್ದಾರೆ. ಸಲಾಮಿಗೆ ಉತ್ತರ ಕೊಡುವ ವಿಷಯವೂ ಅಲ್ಲೇ ಬರುತ್ತದೆ. ಜಿಹಾದ್ ಅಧ್ಯಾಯದಲ್ಲಿ!

ಕಡದ ಬಗ್ಗೆ ಹೇಳುವ ಸಾಲು ಪಾಠದಲ್ಲಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಗಡುವು ಮುಗಿದ ಸಾಲ ತೀರಿಸುವ ಶಕ್ತಿ ಇದ್ದವನು, ಸಾಲ ಕೊಟ್ಟವನ ಒಪ್ಪಿಗೆ ಇಲ್ಲದೆ ಜಿಹಾದಿಗೆ ಹೊರಡುವಂತಿಲ್ಲ. ಉಸ್ತಾದರು ಆ ಸಾಲಿನ ಮೇಲೆ ಬೆರಳಿಟ್ಟು ಮುಂದೆ ಹೋಗದೆ ನಿಂತರು. ಹಿಂದಿನ ಸಾಲಿನ ಹುಡುಗನೊಬ್ಬ, "ಸಾಲ ಕೊಟ್ಟವನು ಮುಸ್ಲಿಂ ಅಲ್ಲದಿದ್ದರೆ?" ಅಂತ ಕೇಳಿದ. "ಸಾಲ ಸಾಲವೇ. ಅವನ ಮನೆ ಬಾಗಿಲಿಗೆ ಹೋಗಿ ಒಪ್ಪಿಗೆ ಕೇಳು," ಅಂದರು. ಮುಂದಿನ ಷರತ್ತು ತಂದೆ ತಾಯಿಯ ಒಪ್ಪಿಗೆ. ಯುದ್ಧಕ್ಕೆ ಸೇರಲು ಬಂದ ಒಬ್ಬನನ್ನು ಪ್ರವಾದಿಯವರು, ನಿನ್ನ ತಂದೆ ತಾಯಿ ಬದುಕಿದ್ದಾರಾ ಅಂತ ಕೇಳಿದರು. ಹೌದು ಅಂದಾಗ, ಹೋಗಿ ಅವರ ಸೇವೆ ಮಾಡು, ಅದೇ ನಿನ್ನ ಜಿಹಾದ್ ಅಂದರು. ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ.

2016ರಲ್ಲಿ ಪಕ್ಕದ ಕಾಸರಗೋಡಿನ ಪಡನ್ನ, ತೃಕ್ಕರಿಪುರ ಕಡೆಯಿಂದ ಕೆಲವರು ಹೆಂಡತಿ ಮಕ್ಕಳ ಸಮೇತ ಅಫ್ಘಾನಿಸ್ತಾನಕ್ಕೆ ಹೋದರಲ್ಲ, ಐಸಿಸ್ ಸೇರಲು. ಓದಿದ ಮಕ್ಕಳು. ಹೆತ್ತವರು ಪೊಲೀಸರ ಹತ್ತಿರ ಹೋಗಿ ಮಕ್ಕಳು ಕಾಣೆಯಾಗಿದ್ದಾರೆ ಅಂತ ದೂರು ಕೊಟ್ಟರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಮ್ಮನ ಒಪ್ಪಿಗೆ ಎಲ್ಲಿತ್ತು? ಅಮ್ಮನಿಗೆ ಸುದ್ದಿಯೇ ಇರಲಿಲ್ಲ! ಮನೆಯ ಹತ್ತಿರದ ದರ್ಸಿನಲ್ಲೇ ಇದ್ದ ಕಿತಾಬಿನ ಒಂದು ಪುಟ ಆ ಮಕ್ಕಳ ಕಿವಿಗೆ ಬಿದ್ದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತದೆ. ಒಂದು ಪುಟದಿಂದ ಎಲ್ಲರೂ ನಿಲ್ಲುತ್ತಿರಲಿಲ್ಲ, ಒಪ್ಪುತ್ತೇನೆ. ಒಬ್ಬ ನಿಂತಿದ್ದರೂ ಸಾಕಿತ್ತು.

ಇನ್ನು ಯುದ್ಧ ಯಾರು ಸಾರಬೇಕು ಅನ್ನುವ ಷರತ್ತು. ಮೊಬೈಲಿನಲ್ಲಿ ಬಾವುಟ ಹಿಡಿದು ಮಾತಾಡುವವನಿಗೆ ಆ ಅಧಿಕಾರ ಎಲ್ಲಿಂದ ಬಂತು? ನಾಯಕ ಗುರಾಣಿ, ಅವನ ಹಿಂದೆ ನಿಂತು ಯುದ್ಧ ಅಂತ ಹದೀಸ್ ಇದೆ. ಜಿಹಾದಿನ ವಿಷಯ ಆಡಳಿತಗಾರನ ವಿವೇಚನೆಗೆ ಬಿಟ್ಟದ್ದು ಅಂತ ಹನ್ಬಲಿ ಪಂಥದ ವಿದ್ವಾಂಸ ಇಬ್ನ್ ಖುದಾಮಾ ಬರೆದಿದ್ದಾರೆ. 1998ರಲ್ಲಿ ಒಸಾಮಾ ಬಿನ್ ಲಾಡೆನ್ ಅಮೆರಿಕದವರನ್ನು, ನಾಗರಿಕರನ್ನೂ ಸೇರಿಸಿ, ಕೊಲ್ಲಬೇಕು ಅಂತ ಹೇಳಿಕೆ ಹೊರಡಿಸಿದಾಗ ಅವನು ಯಾವ ರಾಜ್ಯದ ಆಡಳಿತಗಾರ? ಯಾವ ಮುಫ್ತಿ? ನಾಗರಿಕರನ್ನು ಅದರಲ್ಲಿ ಸೇರಿಸಿದ ಕೂಡಲೇ ಎರಡನೇ ಷರತ್ತೂ ಮುರಿಯಿತು. ಒಂದು ಯುದ್ಧದಲ್ಲಿ ಹೆಂಗಸೊಬ್ಬಳ ಹೆಣ ಕಂಡಾಗ ಪ್ರವಾದಿಯವರು ಹೆಂಗಸರು ಮಕ್ಕಳನ್ನು ಕೊಲ್ಲುವುದನ್ನು ನಿಷೇಧಿಸಿದರು. ಮೊದಲ ಖಲೀಫ ಅಬೂಬಕರ್ ಸಿರಿಯಾ ಕಡೆಗೆ ಸೈನ್ಯ ಕಳಿಸುವಾಗ ದಂಡನಾಯಕನ ಜೊತೆ ನಡೆಯುತ್ತಾ ಹೇಳಿದ ಮಾತುಗಳು ಇಮಾಮ್ ಮಾಲಿಕರ ಮುವತ್ತಾ ಅನ್ನುವ ಹದೀಸ್ ಸಂಗ್ರಹದಲ್ಲಿವೆ: ಹೆಂಗಸನ್ನು, ಮಗುವನ್ನು, ಮುದುಕನನ್ನು ಕೊಲ್ಲಬೇಡ. ಹಣ್ಣಿನ ಮರ ಕಡಿಯಬೇಡ. ಜನ ಇರುವ ಊರು ಹಾಳು ಮಾಡಬೇಡ. ಊಟಕ್ಕಲ್ಲದೆ ಕುರಿ ಒಂಟೆ ಕಡಿಯಬೇಡ. ಮಠಗಳಲ್ಲಿ ದೇವರಿಗಾಗಿ ಕೂತವರು ಸಿಗುತ್ತಾರೆ, ಅವರನ್ನು ಅವರ ಪಾಡಿಗೆ ಬಿಡು.

ಕೊಟ್ಟ ಮಾತಿನ ಷರತ್ತು ಬಂದರೆ ನನಗೆ ಪ್ರವಾದಿಯವರ ಅನುಚರ ಹುದೈಫಾ ನೆನಪಾಗುತ್ತಾರೆ. ಬದ್ರ್ ಯುದ್ಧ, 624. ಮುಸ್ಲಿಮರು ಮುನ್ನೂರು ಚಿಲ್ಲರೆ ಜನ, ಎದುರಿಗೆ ಅದರ ಮೂರು ಪಟ್ಟು. ಒಬ್ಬೊಬ್ಬನೂ ಬೇಕಾಗಿದ್ದ ಹೊತ್ತು. ಹುದೈಫಾ ಮತ್ತು ಅವರ ತಂದೆ ದಾರಿಯಲ್ಲಿ ಕುರೈಶರ ಕೈಗೆ ಸಿಕ್ಕರು. ಯುದ್ಧಕ್ಕೆ ಸೇರುವುದಿಲ್ಲ ಅಂತ ಮಾತು ಕೊಟ್ಟರೆ ಬಿಡುತ್ತೇವೆ ಅಂದರು. ಇಬ್ಬರೂ ಮಾತು ಕೊಟ್ಟು ಬಂದರು. ಪ್ರವಾದಿಯವರಿಗೆ ವಿಷಯ ತಿಳಿಸಿದರು. ಹಿಂತಿರುಗಿ, ಅವರಿಗೆ ಕೊಟ್ಟ ಮಾತು ನಾವು ನಡೆಸೋಣ, ಗೆಲುವಿಗೆ ದೇವರ ಸಹಾಯ ಕೇಳೋಣ ಅಂತ ಪ್ರವಾದಿಯವರು ಹೇಳಿದರು. ಇಬ್ಬರೂ ಬದ್ರಿಗೆ ಹೋಗಲಿಲ್ಲ. ಬಲವಂತದಲ್ಲಿ, ಶತ್ರುವಿಗೆ, ಯುದ್ಧದ ಬಾಯಲ್ಲಿ ಕೊಟ್ಟ ಮಾತು ಅದು!

ಇದಕ್ಕಿಂತ ಗಟ್ಟಿ ಕುರ್‌ಆನಿನ 8ನೇ ಅಧ್ಯಾಯದ 72ನೇ ಸೂಕ್ತ. ಬೇರೆ ಕಡೆಯ ಮುಸ್ಲಿಮರು ಧರ್ಮದ ವಿಷಯದಲ್ಲಿ ಸಹಾಯ ಕೇಳಿದರೆ ಮಾಡಬೇಕು, ಆದರೆ ನಿಮಗೂ ಅವರಿಗೂ ಒಪ್ಪಂದ ಇರುವ ಜನರ ವಿರುದ್ಧ ಮಾಡುವಂತಿಲ್ಲ. ನಾನು ಈ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡು, ಇದರ ಕಾನೂನಿನ ಕೆಳಗೆ ಮನೆ ಕಟ್ಟಿಕೊಂಡು, ವೋಟು ಹಾಕಿ ಬದುಕುತ್ತಿದ್ದೇನೆ. ಇದು ಒಪ್ಪಂದ ಅಲ್ವಾ? ದೂರದ ದೇಶದ ವಿಡಿಯೋ ನೋಡಿ ರಕ್ತ ಕುದಿಯುವ ಹುಡುಗನಿಗೆ ಈ ಸೂಕ್ತ ಓದಿ ಹೇಳಬೇಕು. ನನಗೂ ರಕ್ತ ಕುದಿಯುತ್ತದೆ, ಸುಳ್ಳು ಹೇಳಲಾರೆ. ಕುದಿಯುವ ರಕ್ತಕ್ಕೂ ಷರತ್ತು ಇದೆ.

ಕೆಲವು ಗೆಳೆಯರು ಈಗ ಕೇಳುತ್ತಾರೆ, ನೀನು ಒಳ್ಳೆಯದನ್ನಷ್ಟೇ ಆರಿಸಿ ಹೇಳುತ್ತಿದ್ದೀಯ, ಹಳೆಯ ಕಿತಾಬುಗಳಲ್ಲಿ ಗಡಿ ದಾಟಿ ಹೋಗಿ ಮಾಡುವ ಯುದ್ಧ ಇಲ್ವಾ ಅಂತ. ಇದೆ. ನಾನು ಹೇಳಿದ ಫತ್‌ಹುಲ್ ಮುಈನಿನಲ್ಲೇ ವರ್ಷಕ್ಕೊಮ್ಮೆಯಾದರೂ ಅದು ಸಾಮೂಹಿಕ ಹೊಣೆ ಅಂತ ಬರೆದಿದೆ. ಸಾಮ್ರಾಜ್ಯಗಳ ಕಾಲ ಅದು. ಒಪ್ಪಂದ ಇಲ್ಲದ ಪಕ್ಕದ ರಾಜ್ಯ ಅಂದರೆ ಯುದ್ಧದ ರಾಜ್ಯವೇ ಆಗಿದ್ದ ಕಾಲ. ಅದೇ ಶಾಫಿ ಪರಂಪರೆಯಲ್ಲಿ, ಗಡಿಯ ಕಾವಲು ಗಟ್ಟಿ ಮಾಡಿದರೂ ಆ ಹೊಣೆ ತೀರುತ್ತದೆ ಅಂತ ಬರೆದಿದ್ದಾರೆ. ಅದೇ 16ನೇ ಶತಮಾನದ ಈಜಿಪ್ಟಿನ ವಿದ್ವಾಂಸ ಖತೀಬ್ ಶಿರ್ಬೀನಿ ಇನ್ನೂ ಸ್ಪಷ್ಟವಾಗಿ ಹೇಳಿದ್ದಾರೆ: ಜಿಹಾದ್ ಒಂದು ಸಾಧನ, ಗುರಿ ಅಲ್ಲ. ಯುದ್ಧ ಇಲ್ಲದೆ ವಾದದಿಂದಲೇ ಜನರಿಗೆ ದಾರಿ ತೋರಿಸಲು ಆದರೆ ಅದೇ ಮೇಲು. ಹಾಗಾಗಿ ಪೂರ್ತಿ ಓದಿ ಅಂತ ನಾನು ಹೇಳುವಾಗ ಕಷ್ಟದ ಸಾಲುಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅರ್ಧ ಓದಿದವರಿಂದಲೇ ನಮಗೆ ಇಷ್ಟು ಕಷ್ಟ ಬಂದಿದ್ದು.

ಮಖ್ದೂಮರ ಶತಮಾನದಲ್ಲಿ ನಿಜವಾದ ಯುದ್ಧ ಬಾಗಿಲಿಗೆ ಬಂದಿತ್ತು. ಪೋರ್ಚುಗೀಸರು. 1502ರಲ್ಲಿ ವಾಸ್ಕೋ ಡ ಗಾಮ ಹಜ್ ಮುಗಿಸಿ ಬರುತ್ತಿದ್ದ ಯಾತ್ರಿಕರ ಹಡಗನ್ನು ಜನರ ಸಮೇತ ಸುಟ್ಟ. ಮಸೀದಿಗಳನ್ನು ಸುಟ್ಟರು, ಹಜ್ ದಾರಿ ತಡೆದರು. ಇದು ಮುಂದುವರಿದಾಗ ಮಖ್ದೂಮರು ತುಹ್ಫತುಲ್ ಮುಜಾಹಿದೀನ್ ಬರೆದರು. ಅದನ್ನು ಅರ್ಪಿಸಿದ್ದು ನಮ್ಮ ಬಿಜಾಪುರದ ಅಲಿ ಆದಿಲ್ ಶಾಹಿಗೆ. ಜಿಹಾದಿಗೆ ಕರೆ ಕೊಡುವ ಪುಸ್ತಕವೇ ಅದು. ಆದರೆ ಕಾರಣ ಏನು ಕೊಟ್ಟರು ನೋಡಿ. ಒಂದೊಂದೇ ಅನ್ಯಾಯ ಬರೆದಿಟ್ಟರು. ಮಲಬಾರಿನಲ್ಲಿ ಮುಸ್ಲಿಮರ ಬೆನ್ನಿಗೆ ನಿಂತವನು ಯಾರು ಅಂದರೆ ಹಿಂದೂ ದೊರೆ, ಕಲ್ಲಿಕೋಟೆಯ ಸಾಮೂದಿರಿ. ಅವನ ಉಪಕಾರವನ್ನು ಪುಸ್ತಕದಲ್ಲೇ ನೆನೆದಿದ್ದಾರೆ. 1571ರಲ್ಲಿ ಪೋರ್ಚುಗೀಸರ ಚಾಲಿಯಂ ಕೋಟೆ ಬಿದ್ದಿದ್ದು ಸಾಮೂದಿರಿಯ ಸೈನ್ಯದಿಂದ, ಅದರಲ್ಲಿ ನಾಯರೂ ಇದ್ದರು, ಮಲಬಾರಿನ ಮುಸ್ಲಿಮರಾದ ಮಾಪಿಳ್ಳೆಗಳೂ ಇದ್ದರು. ಧರ್ಮ ಬೇರೆ ಅನ್ನುವುದೇ ಯುದ್ಧಕ್ಕೆ ಕಾರಣ ಆಗಿದ್ದರೆ ಈ ಪುಸ್ತಕಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಇನ್ನೊಂದು ಮಾತು ಬರುತ್ತದೆ, ನಮ್ಮೊಳಗಿನಿಂದಲೇ. ಈಗ ಕಾಲ ಸರಿ ಇಲ್ಲ, ಮಸೀದಿಯಲ್ಲಿ ಆ ಹೆಸರು ಎತ್ತಿದರೆ ಯಾರೋ ವಿಡಿಯೋ ಮಾಡಿ ಹಾಕುತ್ತಾರೆ, ಸುಮ್ನೆ ಯಾಕೆ ತೊಂದರೆ ಅಂತ. ಭಯ ನನಗೂ ಗೊತ್ತು. ಆದರೆ ಸುಮ್ಮನಿದ್ದು ಏನು ಉಳಿಸಿಕೊಂಡೆವು? ಧೈರ್ಯ ಮಾಡಿದಾಗ ಏನಾಯಿತು ಅಂತಲೂ ನೋಡಿದ್ದೇವೆ. 2008ರ ಫೆಬ್ರವರಿಯಲ್ಲಿ ದೇವಬಂದ್ ಮದರಸಾದ ಉಲಮಾಗಳು (ಧರ್ಮ ವಿದ್ವಾಂಸರು) ಸಾವಿರಾರು ಜನರ ಎದುರು ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಅಂತ ಸಾರಿದರು. ಅದೇ ವರ್ಷ ನವೆಂಬರಿನಲ್ಲಿ ಮುಂಬೈ ದಾಳಿ ಆದಾಗ, ಸತ್ತ ಒಂಬತ್ತು ದಾಳಿಕೋರರ ಹೆಣಕ್ಕೆ ಜಾಗ ಕೊಡುವುದಿಲ್ಲ ಅಂತ ಅಲ್ಲಿನ ಮುಸ್ಲಿಂ ಖಬರಸ್ತಾನದವರು ಹೇಳಿಬಿಟ್ಟರು. ಆ ದಿನಗಳಲ್ಲಿ ನಾನು ಅಂಗಡಿಗೆ ತಲೆ ತಗ್ಗಿಸಿ ಹೋಗುತ್ತಿದ್ದೆ. ಆ ಸುದ್ದಿ ಓದಿದ ಮೇಲೆ ತಲೆ ಎತ್ತಿ ನಡೆದೆ. ಅಲ್ಲಾಹನ ಹೆಸರು ಹೇಳಿ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದವರನ್ನು ಕೊಂದವರ ಮೇಲೆ ನನಗಿರುವ ಸಿಟ್ಟು ಯಾವ ಆ್ಯಂಕರಿಗೂ ಇರಲಾರದು. ಅವರು ಕದ್ದಿದ್ದು ನನ್ನ ನಮಾಜಿನ ಮಾತನ್ನು.

ಆದ್ದರಿಂದ ಒಂದು ಕೆಲಸ ಮಾಡಿದ್ದೇನೆ. ಇವತ್ತು ಅಸರ್ ನಮಾಜಿನ ನಂತರ ಉಸ್ತಾದರ ಜೊತೆ ಕೂತು ಮಾತಾಡಿದೆ. ಫತ್‌ಹುಲ್ ಮುಈನಿನ ಜಿಹಾದ್ ಅಧ್ಯಾಯವನ್ನು ವಾರಕ್ಕೊಂದು ದಿನ, ಇಶಾ (ರಾತ್ರಿಯ) ನಮಾಜಿನ ನಂತರ, ಕನ್ನಡದಲ್ಲಿ ಓದಿ ಹೇಳುತ್ತಾರೆ. ಒಂದು ಸಾಲೂ ಬಿಡದೆ. ಕಮಿಟಿಯವರು ಇನ್ನೂ ಹೂಂ ಅಂದಿಲ್ಲ. ಅವರ ಒಪ್ಪಿಗೆ ಬರದಿದ್ದರೆ ನನ್ನ ಮನೆಯ ಚಾವಡಿ ಇದೆ. ಅಕ್ಕನ ಮಗ ಮತ್ತು ಅವನ ಗೆಳೆಯರು ಬರುತ್ತೇವೆ ಅಂದಿದ್ದಾರೆ, ಅದರಲ್ಲಿ ಇಬ್ಬರು ಹಿಂದೂ ಹುಡುಗರು. ನಿಮ್ಮಲ್ಲಿ ಯಾರು ಬರುವುದಾದರೂ ಇನ್‌ಬಾಕ್ಸಿಗೆ ಒಂದು ಸಾಲು ಹಾಕಿ. ಪ್ರಶ್ನೆ ಇದ್ದರೆ ತನ್ನಿ, ಎಷ್ಟು ಖಾರದ್ದಾದರೂ ಸರಿ.