ತಂತಿ ಸುಳ್ಳು ಹೇಳುತ್ತಿರಲಿಲ್ಲ

ಹೋದ ವಾರ ಮೈಸೂರಿನಲ್ಲಿ ಕಾರ್ಖಾನೆಗಳಿಗೆ ತಂತಿಯಿಲ್ಲದೆ ಅಳತೆ ಕಳಿಸುವ ವೈರ್‌ಲೆಸ್ ಉಪಕರಣ ಮಾರುವವರ ಡೆಮೊ ನೋಡಿ ಬಂದೆ. ಎರಡು ಗಂಟೆ ಬರೀ ಸ್ಪೀಡಿನ ಮಾತು. ನಾನು ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ, ಅಂದರೆ ಬಿಸಿ, ಮಟ್ಟ ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ ಮಾಡುವವನು. ನನಗೆ ಸ್ಪೀಡ್ ಬೇಡ. ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಟ್ಯಾಂಕಿನ ಬಿಸಿ ಎಷ್ಟಿದೆ ಅಂತ ನಿಮಿಷಕ್ಕೊಮ್ಮೆ ತಿಳಿದರೆ ಧಾರಾಳವಾಯಿತು.

ನಮ್ಮ ಟ್ಯಾಂಕುಗಳು ಕಂಟ್ರೋಲ್ ರೂಮಿನಿಂದ ದೂರ. ನಡುವೆ ಕಬ್ಬಿನ ಲಾರಿ ಓಡಾಡುವ ರಸ್ತೆ. ಕೇಬಲ್ ಹಾಕಬೇಕೆಂದರೆ ಅದನ್ನು ಅಗೆಯಬೇಕು. ಹಾಕಿದ ಮೇಲೆ ಹೆಗ್ಗಣ ಕಡಿಯುತ್ತದೆ. ಕಾಕಂಬಿಯನ್ನು ಸುಮ್ನೆ ಬಿಡುವ ಹಾಗೂ ಇಲ್ಲ. ತಾನಾಗಿಯೇ ಬಿಸಿಯಾಗುತ್ತಾ ಹೋಗಿ ನೊರೆಯೆದ್ದು ಉಕ್ಕಿಬಿಡಬಹುದು. ಹಾಗಾಗಿ ಬಿಸಿ ಅಳೆದು ರೇಡಿಯೊ ಮೂಲಕ ಕಳಿಸುವ, ಬ್ಯಾಟರಿ ಮೇಲೆ ಓಡುವ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಹಾಕಿದೆವು. ಮೊದಲ ವರ್ಷ ಎಲ್ಲರಿಗೂ ಖುಷಿ.

ಎರಡನೇ ಬೇಸಿಗೆಯಲ್ಲಿ ಒಂದು ರಾತ್ರಿ ಆಪರೇಟರ್ ಹುಡುಗ ಫೋನ್ ಮಾಡಿದ. "ಅಣ್ಣ, ಸಂಜೆಯಿಂದ 38 ಡಿಗ್ರಿನೇ ತೋರಿಸ್ತಾ ಅದೆ. ಒಂದು ಪಾಯಿಂಟೂ ಅಲ್ಲಾಡಿಲ್ಲ." ಟಾರ್ಚ್ ಹಿಡಿದು ಹೋಗಿ ಟ್ಯಾಂಕಿನ ಗೇಜ್ ನೋಡಿದರೆ 44! ಬ್ಯಾಟರಿ ಮುಗಿದು ಟ್ರಾನ್ಸ್‌ಮಿಟರ್ ನಿಂತು ಎಷ್ಟೋ ಗಂಟೆಯಾಗಿತ್ತು. ಅದರ ಸಂದೇಶ ಹಿಡಿದು ಕಂಟ್ರೋಲ್ ರೂಮಿಗೆ ದಾಟಿಸುವ ಪೆಟ್ಟಿಗೆ, ಗೇಟ್‌ವೇ, ಮಾತ್ರ ಕೊನೆಯ ಸಲ ಬಂದ ಅಂಕಿಯನ್ನೇ ಹಸಿರು ಬಣ್ಣದಲ್ಲಿ ತೋರಿಸುತ್ತಾ ಕೂತಿತ್ತು. ಟ್ಯಾಂಕಿನ ಮೈಮೇಲೆ ನೀರು ಬಿಟ್ಟು ತಣ್ಣಗೆ ಮಾಡುವಷ್ಟರಲ್ಲಿ ಬೆಳಗಾಯಿತು. ಆ ಹುಡುಗ ಗಮನಿಸದೇ ಹೋಗಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಬ್ಯಾಟರಿ ಯಾಕೆ ಅಷ್ಟು ಬೇಗ ಮುಗಿಯಿತು ಗೊತ್ತಾ? ಹಾಕಿಕೊಟ್ಟವರು ಸೆಕೆಂಡಿಗೊಮ್ಮೆ ಅಳತೆ ಕಳಿಸುವ ಹಾಗೆ ಸೆಟ್ ಮಾಡಿ ಹೋಗಿದ್ದರು. ನಿಮಿಷಕ್ಕೊಮ್ಮೆ ಅಂತ ಇಟ್ಟಿದ್ದರೆ ವರ್ಷಗಟ್ಟಲೆ ಬರುತ್ತಿತ್ತು.

ಹಳೆಯ ತಂತಿ ಹೀಗೆ ಮೋಸ ಮಾಡುತ್ತಿರಲಿಲ್ಲ. ಅದು ಅಳತೆಯನ್ನು ಕರೆಂಟಿನ ರೂಪದಲ್ಲಿ ಕಳಿಸುವ 4ರಿಂದ 20 ಮಿಲಿಆಂಪ್ ಲೂಪ್. ಅಂದರೆ, ಅಳತೆ ಎಷ್ಟೇ ಕಡಿಮೆ ಇರಲಿ, 4 ಮಿಲಿಆಂಪ್‌ನಷ್ಟು ಕರೆಂಟ್ ಹರಿಯುತ್ತಲೇ ಇರುತ್ತದೆ. ತಂತಿ ತುಂಡಾದರೆ ಅದು ಸೊನ್ನೆಗೆ ಬೀಳುತ್ತದೆ, ಕೂಡಲೇ ಗೊತ್ತಾಗುತ್ತದೆ. ವೈರ್‌ಲೆಸ್‌ನಲ್ಲೂ ಇದು ಆಗದ ಕೆಲಸವೇನಲ್ಲ. ಇಂಥ ಟ್ರಾನ್ಸ್‌ಮಿಟರ್‌ಗಳು ಮಾತಾಡುವ ವೈರ್‌ಲೆಸ್ ಹಾರ್ಟ್ ಎಂಬ ರೇಡಿಯೊ ಪದ್ಧತಿಯಲ್ಲಿ ಅಳತೆಯ ಜೊತೆಗೇ ಅದನ್ನು ನಂಬಬಹುದೋ ಇಲ್ಲವೋ ಅಂತ ಹೇಳುವ ಸ್ಟೇಟಸ್ ಕೂಡ ಬರುತ್ತದೆ. ಗೇಟ್‌ವೇಯಿಂದ ಕಂಟ್ರೋಲ್ ರೂಮಿಗೆ ಮಾಡ್‌ಬಸ್ (ಯಂತ್ರಗಳು ಅಂಕಿ ಹಂಚಿಕೊಳ್ಳುವ ಒಂದು ಹಳೆಯ ಪದ್ಧತಿ) ಮೂಲಕ ತರುವಾಗ ಅಂಕಿಯನ್ನು ಮಾತ್ರ ತಂದು ಸ್ಟೇಟಸ್ ಬಿಟ್ಟುಬಿಟ್ಟರೆ ಏನು ಪ್ರಯೋಜನ? ನಮ್ಮಲ್ಲಿ ಆಗಿದ್ದು ಅದೇ.

ಇನ್ನೊಂದು ಸಂಕಟವೂ ಇದೆ. ವೈರ್‌ಲೆಸ್ ಹಾರ್ಟ್ 2010ರಲ್ಲಿ ಐಇಸಿ (ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಸ್ಟ್ಯಾಂಡರ್ಡ್ ಆಯಿತು. ಅದರ ಪೈಪೋಟಿಯ ಪದ್ಧತಿ ಐಎಸ್‌ಎ 100 ಆಗಿದ್ದು 2014ರಲ್ಲಿ. ಎರಡೂ ಬಳಸುವುದು ಒಂದೇ ಬಗೆಯ 2.4 ಗಿಗಾಹರ್ಟ್ಸ್ ರೇಡಿಯೊ, ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಒಂದನ್ನು ಮಾತ್ರ ಬಲ್ಲ ಗೇಟ್‌ವೇ ಕೊಂಡರೆ ಮುಂದೆ ಕೊಳ್ಳುವ ಟ್ರಾನ್ಸ್‌ಮಿಟರ್‌ಗಳೂ ಅದರದ್ದೇ ಆಗಬೇಕು. ಕೊಳ್ಳುವ ನಮಗೆ ಇದರಿಂದ ಏನು ಸಿಕ್ಕಿತು ಹೇಳಿ.

ಹಾಗಂತ ನಾನು ವೈರ್‌ಲೆಸ್ ವಿರೋಧಿಯಲ್ಲ. ದೂರದ ಟ್ಯಾಂಕು, ಪಂಪಿನ ಬೇರಿಂಗು, ಇಂಥ ಕಡೆಗೆಲ್ಲ ಅದೇ ಸರಿ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟಕ್ಕೆ ಮಾತ್ರ ಹಾಕುವುದಿಲ್ಲ, ಯಾರು ಹೇಳಿದರೂ. ಅದು ಸೆಕೆಂಡುಗಳಲ್ಲಿ ಏರಿಳಿಯುವ ಜಾಗ.

ಈ ಸಲದ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದ್ದೇನೆ. ನಮ್ಮ ಟ್ಯಾಂಕಿನ ಪಕ್ಕವೇ ನಿಂತು, ಓಡುತ್ತಿರುವ ಟ್ರಾನ್ಸ್‌ಮಿಟರಿನ ಬ್ಯಾಟರಿ ಬಿಚ್ಚಬೇಕು. ಐದು ನಿಮಿಷದೊಳಗೆ ಸ್ಕ್ರೀನಿನಿಂದ ಅಂಕಿ ಹೋಗಿ ಅಲಾರಂ ಬರಬೇಕು. ಆಮೇಲೆಯೇ ಬಿಲ್ಲಿಗೆ ಸಹಿ. ಹೆಬ್ಬಾಳ, ನಂಜನಗೂಡು ಕಡೆ ಇದೇ ಕೆಲಸದಲ್ಲಿರುವ ಗೆಳೆಯರೇ, ನೀವೂ ನಿಮ್ಮಲ್ಲಿ ಒಮ್ಮೆ ಬ್ಯಾಟರಿ ಬಿಚ್ಚಿ ನೋಡಿ. ಸ್ಕ್ರೀನ್ ಏನು ತೋರಿಸಿತು ಅಂತ ಇಲ್ಲಿ ಬರೆಯಿರಿ.